ಗಂಟೆ ತುಂಬಿತು, ಕೆಲಸ ಬಂತೆ?

ಇನ್ಸುಲಿನ್ ಚುಚ್ಚಿಕೊಳ್ಳುವ ಸಿರಿಂಜುಗಳಲ್ಲಿ ಎರಡು ಬಗೆ. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವ ಸೀಸೆಗೆ. ಮುಚ್ಚಳ ತೆಗೆದರೆ ಎರಡೂ ಒಂದೇ ಥರ ಕಾಣುತ್ತವೆ. ಡಾಕ್ಟರು ಚೀಟಿಯಲ್ಲಿ 20 ಯೂನಿಟ್ ಎಂದು ಬರೆದಿದ್ದಾರೆ ಎಂದುಕೊಳ್ಳಿ. 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದುಕೊಂಡರೆ ಮೈಗೆ ಸೇರುವುದು ಬರೀ 8 ಯೂನಿಟ್. ತಿಂಗಳುಗಟ್ಟಲೆ ಚುಚ್ಚಿಕೊಂಡರೂ ಸಕ್ಕರೆ ಇಳಿಯುವುದಿಲ್ಲ. ಅದಲುಬದಲಾಗಿ 100ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು ಬಿದ್ದರೆ ಅದೇ 20ರ ಗೆರೆಯಲ್ಲಿ 50 ಯೂನಿಟ್ ಒಳಗೆ ಹೋಗುತ್ತದೆ. ಸಕ್ಕರೆ ಒಮ್ಮೆಲೇ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಕುತ್ತು ಬರಬಹುದು.

ಇದನ್ನು ರೋಗಿಗೆ ಬಿಡಿಸಿ ಹೇಳಬೇಕಾದವರು ಯಾರು? ಮಹಾನಗರದ ದೊಡ್ಡ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ತಿಳಿವಳಿಕೆ ಕೊಡುವುದಕ್ಕೆಂದೇ ಒಬ್ಬರನ್ನು ನೇಮಿಸಿಕೊಂಡಿರುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಆ ಹೊಣೆ ಬಂದು ನಿಲ್ಲುವುದು ಔಷಧಿ ಕೌಂಟರಿನ ಮುಂದೆ. ಡಾಕ್ಟರ ಮುಂದೆ ಉದ್ದ ಸಾಲು; ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿಂದ ಚೀಟಿ ಹಿಡಿದು ಬಂದ ರೋಗಿ ಮನೆಗೆ ಹೋಗುವ ಮೊದಲು ಕೊನೆಯದಾಗಿ ಮಾತಾಡುವುದು ಮಾತ್ರೆ ಎಣಿಸಿ ಕೊಡುವವರ ಹತ್ತಿರ. ಹಾಗೆ ಎಣಿಸಿ ಕೊಡುವವರಲ್ಲಿ ಹೆಚ್ಚಿನವರು ಎರಡು ವರ್ಷದ ಡಿ.ಫಾರ್ಮ ಓದಿದವರು. ಕೌಂಟರಿನಲ್ಲಿ ನಿಂತು ಸಿರಿಂಜಿನ ವ್ಯತ್ಯಾಸ ಹೇಳಲು ಅವರಿಗೆ ನಿಜಕ್ಕೂ ಬರುತ್ತದೆಯೇ ಎಂದು ಕಣ್ಣಾರೆ ನೋಡಿ ಅಂಕ ಕೊಟ್ಟವರು ಯಾರಾದರೂ ಇದ್ದಾರೆಯೇ? ಈ ಲೇಖನದ ಕಾಳಜಿ ಇಷ್ಟೇ.

ನಿಯಮ ಏನನ್ನೂ ಹೇಳಿಲ್ಲ ಎಂದಲ್ಲ. ಭಾರತೀಯ ಫಾರ್ಮಸಿ ಪರಿಷತ್ತು 1991ರಲ್ಲಿ ತಂದ ಶಿಕ್ಷಣ ನಿಯಮಾವಳಿ ಡಿಪ್ಲೊಮಾ ವಿದ್ಯಾರ್ಥಿಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಕಡ್ಡಾಯ ಮಾಡಿತು. ಅದು ಕನಿಷ್ಠ ಮೂರು ತಿಂಗಳಿಗೆ ಹರಡಿರಬೇಕು. ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧ ಕೊಡುವ ಕೆಲಸದಲ್ಲೇ ಕಳೆಯಬೇಕು. 2020ರ ಹೊಸ ನಿಯಮಾವಳಿಯೂ ಈ ಲೆಕ್ಕವನ್ನು ಉಳಿಸಿಕೊಂಡಿದೆ. ಕಲಿಯಬೇಕಾದದ್ದು ಏನೇನು ಎಂಬುದೂ ಹಳೆಯ ನಿಯಮದಲ್ಲೇ ಇತ್ತು: ಕಾನೂನು ಕೇಳುವ ದಾಖಲೆ ಇಡುವುದು, ಉಪಕರಣ ಬಳಸುವುದು, ಚೀಟಿ ಓದಿ ಪ್ರಮಾಣ ಸರಿಯಿದೆಯೇ ಎಂದು ಪರೀಕ್ಷಿಸುವುದು, ಔಷಧ ಕೊಡುವುದು, ಕೆಡದಂತೆ ಕಾಪಾಡುವುದು. ಒಬ್ಬ ನೋಂದಾಯಿತ ಫಾರ್ಮಸಿಸ್ಟ್ ಇರುವ ಕಡೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಾರದು ಎಂಬ ಮಿತಿಯೂ ಇತ್ತು. ಬರೆದವರು ವಿವೇಕಿಗಳೇ. ತೊಡಕಿರುವುದು ಕೊನೆಯ ಹೆಜ್ಜೆಯಲ್ಲಿ. ಗಂಟೆ ತುಂಬಿತು ಎಂದು ಸಹಿ ಬೀಳುತ್ತದೆ, ಮೊಹರು ಬೀಳುತ್ತದೆ. ಆ ಗಂಟೆಗಳಲ್ಲಿ ಏನು ಕಲಿತರು, ಎಷ್ಟು ಚೆನ್ನಾಗಿ ಕಲಿತರು ಎಂದು ತೂಗಿ ನೋಡುವ ತಕ್ಕಡಿ ಮಾತ್ರ ಕಾಣುವುದಿಲ್ಲ.

ಇದರ ಪರಿಣಾಮ ಯಾವ ತಾಲ್ಲೂಕು ಕೇಂದ್ರದಲ್ಲಿ ಕೇಳಿದರೂ ತಿಳಿಯುತ್ತದೆ. ತರಬೇತಿ ಎಂದರೆ ಪರಿಚಯದ ಮೆಡಿಕಲ್ಸ್‌ನಿಂದ ಒಂದು ಸರ್ಟಿಫಿಕೇಟು ಎಂದು ತಿಳಿದ ಮನೆಗಳಿವೆ. ಮೂರು ತಿಂಗಳು ದಿನವೂ ಬಂದು ರ್‍ಯಾಕ್ ಒರೆಸಿ, ರಟ್ಟಿನ ಪೆಟ್ಟಿಗೆ ಹೊತ್ತು, ಬಿಲ್ಲು ಹಾಕಿ, ಒಂದು ಚೀಟಿಯನ್ನೂ ಸ್ವಂತವಾಗಿ ಓದುವ ಅವಕಾಶ ಸಿಗದೆ ಹೋದ ಹುಡುಗ ಹುಡುಗಿಯರೂ ಇದ್ದಾರೆ. ಇನ್ನು ಕೆಲವರ ಅದೃಷ್ಟ ಬೇರೆ. ಅನುಭವಿ ಫಾರ್ಮಸಿ ಅಧಿಕಾರಿಯೊಬ್ಬರ ಕೈಕೆಳಗೆ ಬಿದ್ದು, ಯಾವ ಮಾತ್ರೆಯ ಜೊತೆ ಯಾವುದು ಸೇರಬಾರದು ಎಂಬುದನ್ನು ಜನ್ಮಕ್ಕೆ ಮರೆಯದಂತೆ ಕಲಿತು ಹೋಗುತ್ತಾರೆ. ಈ ಮೂವರ ಕೈಗೂ ಸಿಗುವುದು ಒಂದೇ ನಮೂನೆಯ ಕಾಗದ. ಶ್ರದ್ಧೆಯಿಂದ ಕಲಿತವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ?

ಗುಣಮಟ್ಟ ಕುಸಿದಿದೆ ಎಂಬುದು ಪರಿಷತ್ತಿಗೂ ಗೊತ್ತಾಗದೆ ಇಲ್ಲ. 2022ರಲ್ಲಿ ಡಿ.ಫಾರ್ಮ ನಿರ್ಗಮನ ಪರೀಕ್ಷೆಯ ನಿಯಮಾವಳಿ ಬಂತು. ಕಾಲೇಜಿನ ಪರೀಕ್ಷೆ ಪಾಸಾದ ಮೇಲೂ ಈ ಎಕ್ಸಿಟ್ ಪರೀಕ್ಷೆ ದಾಟಿದವರಿಗಷ್ಟೇ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ. ಮೂರು ಪತ್ರಿಕೆ, ಬಹು ಆಯ್ಕೆಯ ಪ್ರಶ್ನೆಗಳು, ಪ್ರತಿ ಪತ್ರಿಕೆಯಲ್ಲೂ ಶೇ 50 ಅಂಕ ಬೇಕು. ವೈದ್ಯಕೀಯ ವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಮೊದಲ ಸಲ ಇದನ್ನು ನಡೆಸಿತು. ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಪುಸ್ತಕ ತೆರೆಯದೆ ಡಿಪ್ಲೊಮಾ ಪಡೆಯುವುದಕ್ಕೆ ಅದು ತಡೆ ಹಾಕುತ್ತದೆ. ಆದರೆ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ. ಅಜ್ಜಂಪುರದ ಕೌಂಟರಿನಲ್ಲಿ ಕೆಲಸ ನಡೆಯುವುದು ಕನ್ನಡದಲ್ಲಿ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಜಾಣ್ಮೆ ಬೇರೆ. ಕಣ್ಣು ಮಂಜಾದ ಎಪ್ಪತ್ತರ ಅಜ್ಜಿಗೆ ಯಾವ ಸಿರಿಂಜು, ಯಾವ ಗೆರೆ ಎಂದು ಮನದಟ್ಟು ಮಾಡಿಸುವ ಕಸುಬು ಬೇರೆ.

ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲೇ ಈ ವ್ಯತ್ಯಾಸವನ್ನು ನಾಲ್ಕು ಮೆಟ್ಟಿಲುಗಳ ಪಿರಮಿಡ್ಡಾಗಿ ಜೋಡಿಸಿ ತೋರಿಸಿದ್ದರು. ತಳದಲ್ಲಿ ವಿಷಯ ಗೊತ್ತಿರುವುದು, ಅದರ ಮೇಲೆ ಹೇಗೆ ಮಾಡಬೇಕೆಂದು ಗೊತ್ತಿರುವುದು, ಅದರ ಮೇಲೆ ಪರೀಕ್ಷಕರ ಮುಂದೆ ಮಾಡಿ ತೋರಿಸುವುದು, ತುದಿಯಲ್ಲಿ ದಿನನಿತ್ಯದ ಕೆಲಸದಲ್ಲಿ ತಾನಾಗಿ ಮಾಡುವುದು. ಬರಹದ ಪರೀಕ್ಷೆ ತಳದ ಎರಡು ಮೆಟ್ಟಿಲು ದಾಟುವುದಿಲ್ಲ. ತುದಿಯ ಮೆಟ್ಟಿಲನ್ನು ಅಳೆಯಬೇಕಾದರೆ ಕೆಲಸ ನಡೆಯುವ ಜಾಗಕ್ಕೇ ಹೋಗಿ ನಿಲ್ಲಬೇಕು. ವಿದ್ಯಾರ್ಥಿ ಆ ಜಾಗದಲ್ಲಿ ನಿಲ್ಲುವ ಒಂದೇ ಅವಧಿ ತರಬೇತಿಯದು. ಅದನ್ನೇ ಸಹಿ ಹಾಕಿ ಮುಗಿಸಿದರೆ ಆಮೇಲೆ ನೋಡುವವರಿಲ್ಲ.

ಇಷ್ಟಕ್ಕೂ ಅಳೆಯುವ ಸಾಧನವನ್ನು ಪರಿಷತ್ತು ತಾನೇ ಮಾಡಿಟ್ಟುಕೊಂಡಿದೆ. 2008ರಲ್ಲಿ ಬಂದ ಫಾರ್ಮ.ಡಿ ನಿಯಮಾವಳಿಯಲ್ಲಿ ಅದಿದೆ. ಫಾರ್ಮ.ಡಿ ಆರು ವರ್ಷದ ಕೋರ್ಸು. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು. ಅಲ್ಲಿ ಇಂಟರ್ನಿಗೆ ಐದು ಅಂಶಗಳಲ್ಲಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ರೋಗಿಯ ಪ್ರಕರಣವನ್ನು ನಿಭಾಯಿಸಲು ಬೇಕಾದ ತಿಳಿವಳಿಕೆ ಒಂದು. ಕ್ಲಿನಿಕಲ್ ಫಾರ್ಮಸಿ ಸೇವೆ ಕೊಡುವ ಕುಶಲತೆ ಇನ್ನೊಂದು. ಹೊತ್ತಿಗೆ ಸರಿಯಾಗಿ ಬರುವುದು, ಹೊಣೆ ಹೊರುವುದು, ರೋಗಿಯ ಆರೈಕೆಯಲ್ಲಿ ತೊಡಗುವುದು ಮತ್ತೊಂದು. ಡಾಕ್ಟರು, ನರ್ಸು, ಸಹೋದ್ಯೋಗಿಗಳ ಜೊತೆ ನಡೆದುಕೊಳ್ಳುವ ರೀತಿಗೂ ಅಂಕವಿದೆ; ತಾನಾಗಿ ಮುಂದೆ ಬಂದು ಚರ್ಚೆಯಲ್ಲಿ ಪಾಲ್ಗೊಳ್ಳುವುದಕ್ಕೂ ಇದೆ. ಇವುಗಳಲ್ಲಿ ಯಾವುದೇ ಒಂದರಲ್ಲಿ ಮೂರಕ್ಕಿಂತ ಕಡಿಮೆ ಬಂದರೂ ಇಂಟರ್ನ್‌ಶಿಪ್ ತೃಪ್ತಿಕರವಲ್ಲ ಎಂದೇ ಅರ್ಥ. ಒಂದರ ಕೊರತೆಯನ್ನು ಇನ್ನೊಂದರ ಅಂಕದಿಂದ ಮುಚ್ಚುವ ಹಾಗಿಲ್ಲ. ಈ ಕೊನೆಯ ಷರತ್ತು ಬಹಳ ಮುಖ್ಯವಾದದ್ದು. ತಿಳಿವಳಿಕೆಯಲ್ಲಿ ಐದಕ್ಕೆ ಐದು ಪಡೆದು ರೋಗಿಯ ಮೇಲೆ ರೇಗುವವರನ್ನು ಅದು ಮುಂದಕ್ಕೆ ಬಿಡುವುದಿಲ್ಲ.

ಆದರೆ ಫಾರ್ಮ.ಡಿ ನಡೆಸಬೇಕಾದರೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಬೇಕು. ಹೀಗಾಗಿ ಆ ತರಬೇತಿ ದಾವಣಗೆರೆ, ಚಿತ್ರದುರ್ಗ, ಮೈಸೂರಿನಂಥ ಕಡೆ ನೆಲೆ ನಿಂತಿದೆ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನ ಕಥೆ ಕರ್ನಾಟಕ ಹೆಮ್ಮೆಪಡಬೇಕಾದದ್ದು. ದೇಶದಲ್ಲಿ ಫಾರ್ಮಸಿ ಎಂದರೆ ಕಾರ್ಖಾನೆ, ಪ್ರಯೋಗಾಲಯ ಎಂದೇ ತಿಳಿದಿದ್ದ ಕಾಲದಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ, ಊಟಿಯ ಸೋದರ ಕಾಲೇಜಿನ ಜೊತೆಗೆ ಅದು ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಕೋರ್ಸು ಶುರುಮಾಡಿತು. ಆಸ್ಟ್ರೇಲಿಯಾದ ಅಡಿಲೇಡ್‌ನ ಆಸ್ಪತ್ರೆಯೊಂದು ನೆರವಾಯಿತು. ವಿದ್ಯಾರ್ಥಿಗಳು ಡಾಕ್ಟರ ಜೊತೆ ವಾರ್ಡ್ ರೌಂಡ್ಸ್‌ಗೆ ಹೊರಟರು. ಕೇಸ್‌ಷೀಟು ನೋಡಿ ಔಷಧಗಳ ಪರಸ್ಪರ ಕಾಟವನ್ನು ಗುರುತಿಸಿ ಹೇಳತೊಡಗಿದರು. ಹತ್ತಿರ ನಿಂತು ಕಲಿಸಿ ಹತ್ತಿರ ನಿಂತು ಅಂಕ ಕೊಡುವ ಪರಿಪಾಠ ಬೇರೂರಿದ್ದು ಅಂಥ ಕಡೆಗಳಿಂದ. ಆ ಪರಿಪಾಠ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಗೇಟಿನಲ್ಲೇ ನಿಂತುಬಿಟ್ಟಿದೆ. ತಾಲ್ಲೂಕಿಗೆ ಬರುವುದು ಡಿಪ್ಲೊಮಾದವರು. ಅವರ ತರಬೇತಿಗೆ ಇರುವುದು ಗಂಟೆಯ ಲೆಕ್ಕ. ಯಾರ ಮುಂದೆ ದಿನಕ್ಕೆ ಅತಿ ಹೆಚ್ಚು ರೋಗಿಗಳು ನಿಲ್ಲುತ್ತಾರೋ ಅವರ ಅಳತೆಯೇ ಅತಿ ಸಡಿಲ.

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನೇ ಯಾಕೆ ಹೆಸರಿಸಬೇಕು ಎಂದರೆ, ಒಂದರ ಪಕ್ಕ ಒಂದಿದ್ದರೂ ಕೌಂಟರಿನಲ್ಲಿ ಬರುವ ಪ್ರಶ್ನೆಗಳು ಬೇರೆ ಬೇರೆ. ಬೀರೂರು ಜಂಕ್ಷನ್ನಿನಲ್ಲಿ ಕವಲೊಡೆಯುವ ರೈಲು ದಾರಿ ಒಂದು ಕಡೆ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಕಡೆ ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ. ಕಡೂರು ತೆಂಗಿನ ಬಯಲುಸೀಮೆ, ಹೆದ್ದಾರಿ ಊರು. ತರೀಕೆರೆಗೆ ಅಡಿಕೆ ತೋಟ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ, ಕೆಮ್ಮಣ್ಣುಗುಂಡಿಯ ಕಾಡಂಚು. ತರೀಕೆರೆಯಿಂದ ಬೇರೆಯಾದ ಅಜ್ಜಂಪುರ ಅಮೃತಮಹಲ್ ತಳಿಯ ದನಗಳಿಗೂ ಈರುಳ್ಳಿಗೂ ಹೆಸರಾದ ನೆಲ. ಹಟ್ಟಿ, ತಾಂಡಾ, ತೋಟದ ಲೈನುಗಳಿಂದ ಬರುವ ಜನ ಕನ್ನಡದ ಜೊತೆಗೆ ಲಂಬಾಣಿ, ಉರ್ದು, ತಮಿಳು ಆಡುತ್ತಾರೆ. ಇಲ್ಲಿ ತರಬೇತಿಗೆ ಬಂದವರನ್ನು ಅಳೆಯುವ ಪ್ರಶ್ನೆಗಳು ಈ ನೆಲದಿಂದಲೇ ಏಳಬೇಕು.

ಕಬ್ಬಿಣದ ಮಾತ್ರೆಯನ್ನೇ ನೋಡಿ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಬಸುರಿಗೆ ದಿನಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ, 180 ದಿನ. ಜೊತೆಗೆ ಕ್ಯಾಲ್ಸಿಯಂ ಮಾತ್ರೆಯೂ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಎರಡು ಗಂಟೆಯಾದರೂ ಅಂತರ ಬೇಕು. ಕಾಫಿ, ಟೀ ಕುಡಿದ ಬೆನ್ನಿಗೇ ತೆಗೆದುಕೊಂಡರೂ ಅಷ್ಟೇ. ಕಾಫಿಯ ಜಿಲ್ಲೆಯಲ್ಲಿ ಈ ಮಾತನ್ನು ಬಿಟ್ಟು ಬರೀ ಮಾತ್ರೆ ಎಣಿಸಿ ಕೊಟ್ಟರೆ ಮಾತ್ರೆಯೇನೋ ಖರ್ಚಾಗುತ್ತದೆ, ಹಿಮೋಗ್ಲೋಬಿನ್ ಏರುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುವವರೂ ಉಂಟು.

ತರಬೇತಿಯ ಹುಡುಗಿಯೊಬ್ಬಳು ಕೌಂಟರಿನಲ್ಲಿ ಈ ಕೆಲಸ ಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಪಕ್ಕದಲ್ಲಿ ಹಿರಿಯ ಫಾರ್ಮಸಿಸ್ಟ್ ಹಾಳೆ ಹಿಡಿದು ಸುಮ್ಮನೆ ನಿಂತಿದ್ದಾರೆ. ಅವಳು ಚೀಟಿಯ ಹೆಸರು ಕೂಗಿ ಕೇಳಿ ಖಚಿತ ಮಾಡಿಕೊಂಡಳೇ? ಎಷ್ಟನೇ ತಿಂಗಳು, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ವಿಚಾರಿಸಿದಳೇ? "ಅಕ್ಕಾ, ಇದು ರಾತ್ರಿ, ಇದು ಬೆಳಿಗ್ಗೆ, ಎರಡೂ ಒಟ್ಟಿಗೆ ಬೇಡ, ಕಾಫಿ ಜೊತೆಗಂತೂ ಬೇಡವೇ ಬೇಡ" ಎಂದು ಹೇಳಿ ಸುಮ್ಮನಾದಳೇ, ಇಲ್ಲ ಮುಂದಿನ ಹೆಜ್ಜೆಯನ್ನೂ ಇಟ್ಟಳೇ? "ಮನೇಲಿ ಅತ್ತೆ ಕೇಳಿದ್ರೆ ಹೇಗೆ ತಗೋಬೇಕು ಅಂತ ಹೇಳ್ತೀರಾ?" ಎಂದು ಕೇಳಿ, ಬಸುರಿಯ ಬಾಯಿಂದಲೇ ಹೇಳಿಸಿದರೆ ತಿಳಿಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. "ತಿಳೀತಾ?" ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಹೀಗೆ ಹತ್ತು ಹದಿನೈದು ನಿಮಿಷ ನೋಡಿ, ರೋಗಿ ಹೋದ ಮೇಲೆ ಏನು ಚೆನ್ನಾಗಿತ್ತು, ಏನು ಬಿಟ್ಟುಹೋಯಿತು ಎಂದು ಅಲ್ಲೇ ಹೇಳಿ ಅಂಕ ಬರೆಯುವುದು ಹೊಸದೇನಲ್ಲ. ವೈದ್ಯರ ತರಬೇತಿಗಾಗಿ ಅಮೆರಿಕದಲ್ಲಿ ಜಾನ್ ನಾರ್ಸಿನಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಕ್ರಮವಿದು. ಖರ್ಚು ಒಂದು ಹಾಳೆ, ಒಂದು ಪೆನ್ನು, ಹಿರಿಯರೊಬ್ಬರ ಕಾಲು ಗಂಟೆ.

ಒಂದೇ ಸಲ ನೋಡಿ ತೀರ್ಪು ಕೊಡುವುದು ಮಾತ್ರ ಸಲ್ಲದು. ಮೊದಲ ದಿನ ಕೈ ನಡುಗದವರು ಯಾರು? ಬೇರೆ ಬೇರೆ ದಿನ, ಬೇರೆ ಬೇರೆ ರೋಗಿ, ಸಾಧ್ಯವಾದರೆ ಬೇರೆ ಬೇರೆ ಕಣ್ಣು. ದಮ್ಮಿನ ರೋಗಿಗೆ ಇನ್‌ಹೇಲರ್ ಹಿಡಿಯುವುದನ್ನು, ಒಳಗೆಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಕಟ್ಟುವುದನ್ನು ತೋರಿಸಿಕೊಡುವುದು ಒಂದು ದಿನ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಒಮ್ಮೆಲೇ ಕಲಸಬೇಕು, ಲೋಟಕ್ಕೆ ಚೂರು ಚೂರು ಹಾಕಬಾರದು ಎಂದು ತಾಯಿಗೆ ಹೇಳುವುದು ಇನ್ನೊಂದು ದಿನ. ಅಡಿಕೆ ತೋಟದಿಂದ ಹಾವು ಕಚ್ಚಿಸಿಕೊಂಡು ಬಂದವರಿಗೆ ಕೊಡುವ ಪ್ರತಿವಿಷ ಪುಡಿಯ ರೂಪದಲ್ಲಿದ್ದರೆ, ದ್ರಾವಣ ಸೇರಿಸಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬಂದು ಕೆಡುತ್ತದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ 2024ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿದೆ. ತುರ್ತು ಹೊತ್ತಿನಲ್ಲಿ ಆ ಔಷಧ ಎಷ್ಟು ವಯಲ್ ಉಳಿದಿದೆ, ಎಲ್ಲಿದೆ ಎಂದು ತಡಕಾಡದೆ ಹೇಳಬಲ್ಲ ವಿದ್ಯಾರ್ಥಿಗೆ ಪ್ರತ್ಯೇಕ ಅಂಕ ಕೊಟ್ಟರೂ ತಪ್ಪಿಲ್ಲ.

ಸ್ಟಾಕಿನ ಕೆಲಸವನ್ನು ಕೀಳಾಗಿ ಕಾಣುವ ಅಭ್ಯಾಸ ಕಾಲೇಜುಗಳಲ್ಲಿದೆ, ಅದು ಹೋಗಬೇಕು. ಹೆರಿಗೆ ಕೋಣೆಗೆ ಹೋಗುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ರಾತ್ರಿ ಕರೆಂಟು ಹೋಗಿತ್ತೆಂದರೆ ಬೆಳಿಗ್ಗೆ ಬಂದವರು ಮೊದಲು ನೋಡಬೇಕಾದದ್ದು ಫ್ರಿಜ್ಜಿನ ಥರ್ಮಾಮೀಟರು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಐವಿ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯ ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ರಿಂಗರ್ ಲ್ಯಾಕ್ಟೇಟ್ ಬಳಕೆಯನ್ನು ತಡೆಹಿಡಿಯಿತು. ಅಂಥ ಆದೇಶ ಬಂದ ದಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಯಾರೋ ಒಬ್ಬರು ಸ್ಟಾಕ್ ಪುಸ್ತಕ ತೆಗೆದು, ಬ್ಯಾಚ್ ನಂಬರು ನೋಡಿ, ವಾರ್ಡಿಗೆ ಹೋದ ಬಾಟಲಿಯನ್ನೂ ವಾಪಸು ತರಬೇಕಾಗುತ್ತದೆ. ಬ್ಯಾಚ್ ನಂಬರು ಕೊಟ್ಟು, ಅದು ಎಲ್ಲೆಲ್ಲಿದೆ ಹುಡುಕಿ ತಾ ಎಂದು ವಿದ್ಯಾರ್ಥಿಗೆ ಹೇಳಿ ಎಷ್ಟು ಹೊತ್ತು ಹಿಡಿಯಿತು ನೋಡಿದರೆ ಅದೂ ಒಳ್ಳೆಯ ಪರೀಕ್ಷೆಯೇ. ಔಷಧದಿಂದ ಆದ ಅಡ್ಡಪರಿಣಾಮವನ್ನು ಗುರುತಿಸಿ ವರದಿ ಬರೆಯುವುದೂ ಹಾಗೆಯೇ. 2010ರಿಂದ ದೇಶದಲ್ಲಿ ಅದಕ್ಕೊಂದು ಕಾರ್ಯಕ್ರಮವಿದೆ, ನಿಗದಿತ ನಮೂನೆಯಿದೆ. ತರಬೇತಿಯ ಮೂರು ತಿಂಗಳಲ್ಲಿ ಅಂಥ ಒಂದು ನಮೂನೆಯನ್ನಾದರೂ ಕೈಯಾರೆ ತುಂಬಿದ ಡಿಪ್ಲೊಮಾ ವಿದ್ಯಾರ್ಥಿ ಸಿಕ್ಕರೆ ಅದೇ ವಿಶೇಷ.

ಇನ್ನೊಂದು ಗುಣವಿದೆ, ಅದನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ. ಚೀಟಿಯಲ್ಲಿ ಏನೋ ಸರಿಯಿಲ್ಲ ಎನಿಸಿದಾಗ ನಿಂತು ಕೇಳುವ ಧೈರ್ಯ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಕೀಲು ಸಂಧಿವಾತಕ್ಕೆ ಕೊಡುವುದು ವಾರಕ್ಕೊಮ್ಮೆ. ದಿನಾ ತೆಗೆದುಕೊಂಡರೆ ರಕ್ತಕಣಗಳ ಉತ್ಪತ್ತಿಯೇ ಕುಸಿದು ಪ್ರಾಣಾಪಾಯ. ಚೀಟಿಯಲ್ಲಿ ಅವಸರಕ್ಕೆ "ದಿನಕ್ಕೊಂದು" ಎಂದು ಬಿದ್ದಿದ್ದರೆ ಹತ್ತೊಂಬತ್ತರ ಹುಡುಗ ಡಾಕ್ಟರ ಕೋಣೆಗೆ ಹೋಗಿ "ಸರ್, ಇದೊಂದು ಸಲ ನೋಡ್ತೀರಾ?" ಎನ್ನಬೇಕು. ಸಣ್ಣ ಊರಿನಲ್ಲಿ ಡಾಕ್ಟರನ್ನು ಪ್ರಶ್ನಿಸುವುದು ಸಣ್ಣ ಮಾತಲ್ಲ. ಆ ಹುಡುಗನ ಬೆನ್ನಿಗೆ ನಿಲ್ಲುವ ಅಂಕಪಟ್ಟಿ ಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿ, ಪುಸ್ತಕ ನೋಡಿ ಬಂದು ಹೇಳುವವರಿಗೂ ಅಂಕ ಬೇಕು. ಊಹೆಯ ಮೇಲೆ ಹೇಳಿ ಕಳಿಸುವವರಿಗೆ ಸೊನ್ನೆ ಬೇಕು.

ಹಾಳೆ ಕೊಟ್ಟ ಮಾತ್ರಕ್ಕೆ ನಿಜವಾದ ಅಂಕ ಬಿದ್ದೀತೇ ಎಂಬ ಅನುಮಾನ ನ್ಯಾಯವಾದದ್ದೇ. ಕೈಕೆಳಗಿನ ವಿದ್ಯಾರ್ಥಿ ಕೆಲಸದಲ್ಲಿ ಹಿಂದಿದ್ದಾನೆ ಎಂದು ಗೊತ್ತಿದ್ದೂ ಪಾಸು ಮಾಡಿ ಕಳಿಸುವುದು ಲೋಕದ ಎಲ್ಲ ಕಡೆಯ ರೋಗ. ಸ್ಕಾಟ್ಲೆಂಡಿನಲ್ಲಿ ಕ್ಯಾಥ್ಲೀನ್ ಡಫಿ 2003ರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ತರಬೇತಿ ಕುರಿತು ನಡೆಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ಸಂಶಯವಿದ್ದರೂ ಫೇಲು ಮಾಡಲು ಮೇಲ್ವಿಚಾರಕರು ಹಿಂಜರಿಯುತ್ತಿದ್ದರು. ಕೊರತೆಯನ್ನು ಸಮಯಕ್ಕೆ ಸರಿಯಾಗಿ ದಾಖಲಿಸಿರುತ್ತಿರಲಿಲ್ಲ. ಕೊನೆಗೆ ಹೊತ್ತು ಮೀರಿರುತ್ತಿತ್ತು. ಕಡೂರಿನಲ್ಲೋ ತರೀಕೆರೆಯಲ್ಲೋ ಈ ಹಿಂಜರಿಕೆಗೆ ಇನ್ನಷ್ಟು ಕಾರಣಗಳು ಸೇರುತ್ತವೆ. ವಿದ್ಯಾರ್ಥಿಯ ಅಪ್ಪ ನಾಳೆ ಸಂತೆಯಲ್ಲಿ ಸಿಗುತ್ತಾರೆ. ಅಂಗಡಿಯವರಿಗೂ ಕಾಲೇಜಿನವರಿಗೂ ನಂಟಸ್ತಿಕೆ ಇರುತ್ತದೆ. ಸರ್ಕಾರಿ ಆಸ್ಪತ್ರೆಯ ಫಾರ್ಮಸಿ ಅಧಿಕಾರಿಗೆ ಇಂಡೆಂಟು, ಆನ್‌ಲೈನ್ ದಾಸ್ತಾನು, ಸಭೆ, ವರದಿ ಎಲ್ಲ ಮುಗಿಸಿದ ಮೇಲೆ ಕಲಿಸಲು ಉಳಿಯುವ ಹೊತ್ತೆಷ್ಟು? ಕಲಿಸಿದ್ದಕ್ಕೆ ಗೌರವಧನವಿಲ್ಲ, ಫೇಲು ಮಾಡಿದರೆ ಬೈಗುಳವಂತೂ ಖಾತ್ರಿ.

ಹೀಗಾಗಿ ಹೊರೆಯನ್ನು ಒಬ್ಬರ ತಲೆಗೇ ಕಟ್ಟಬಾರದು. ಮಧ್ಯದ ಆರನೇ ವಾರದಲ್ಲೇ ಒಂದು ಬರಹದ ಮೌಲ್ಯಮಾಪನ ಆಗಲಿ. ಕೊರತೆ ಇದ್ದರೆ ತಿದ್ದಿಕೊಳ್ಳಲು ವಿದ್ಯಾರ್ಥಿಗೆ ಇನ್ನೂ ಆರು ವಾರ ಸಿಗುತ್ತದೆ. ಕೊನೆಯ ನೋಟಕ್ಕೆ ಪಕ್ಕದ ತಾಲ್ಲೂಕಿನವರು ಬರಲಿ. ಕಡೂರಿನ ವಿದ್ಯಾರ್ಥಿಯನ್ನು ತರೀಕೆರೆಯ ಫಾರ್ಮಸಿಸ್ಟ್, ಅಜ್ಜಂಪುರದವರನ್ನು ಕಡೂರಿನವರು ನೋಡಿದರೆ ಮುಖದಾಕ್ಷಿಣ್ಯ ಅರ್ಧ ಕಡಿಮೆಯಾಗುತ್ತದೆ. ಕಾಲೇಜಿನ ಮೇಷ್ಟರು ಸಹಿಗೆ ಕಾಯುತ್ತ ಕೂರದೆ ತಿಂಗಳಿಗೊಮ್ಮೆ ಕೌಂಟರಿಗೆ ಬಂದು ನಿಲ್ಲಲಿ. ಮೂರು ತಿಂಗಳನ್ನೂ ಒಂದೇ ಅಂಗಡಿಯಲ್ಲಿ ಕಳೆಯುವ ಬದಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದಿಷ್ಟು, ಖಾಸಗಿ ಮೆಡಿಕಲ್ಸ್‌ನಲ್ಲಿ ಒಂದಿಷ್ಟು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದಿಷ್ಟು ಹಂಚಿದರೆ ವಿದ್ಯಾರ್ಥಿಯ ಅನುಭವವೂ ಹಿಗ್ಗುತ್ತದೆ.

ಅಳತೆ ಒಮ್ಮುಖವಾಗಿಯೂ ಇರಬಾರದು. ತರಬೇತಿ ಕೊಡುವ ಜಾಗಕ್ಕೂ ವಿದ್ಯಾರ್ಥಿ ಅಂಕ ಕೊಡಲಿ: ಚೀಟಿ ಓದಲು ಬಿಟ್ಟರೇ, ತಪ್ಪಾದಾಗ ಹೇಳಿಕೊಟ್ಟರೇ, ಬರೀ ಪೆಟ್ಟಿಗೆ ಹೊರಿಸಿದರೇ? ಸತತವಾಗಿ ಕೆಟ್ಟ ಅಂಕ ಬಂದ ಅಂಗಡಿಗೆ ವಿದ್ಯಾರ್ಥಿಗಳನ್ನು ಕಳಿಸುವುದು ನಿಲ್ಲಬೇಕು. ಹೊರದೇಶಗಳಲ್ಲೂ ಗಂಟೆಯ ಲೆಕ್ಕವಿದೆ, ಅಮೆರಿಕದ ಫಾರ್ಮ.ಡಿ ವಿದ್ಯಾರ್ಥಿ ಕನಿಷ್ಠ 1,740 ಗಂಟೆ ತರಬೇತಿ ಮುಗಿಸಬೇಕು. ಬ್ರಿಟನ್ನಿನಲ್ಲಿ ಪದವಿಯ ಮೇಲೆ 52 ವಾರಗಳ ತರಬೇತಿ. ಎರಡೂ ಕಡೆ ಗಂಟೆಯ ಜೊತೆಗೆ ಕೌಶಲಗಳ ಪಟ್ಟಿಯಿರುತ್ತದೆ, ಮೇಲ್ವಿಚಾರಕರು ಒಂದೊಂದನ್ನೂ ನೋಡಿ ಒಪ್ಪಬೇಕು. ನಮ್ಮಲ್ಲೇ ಎಂಬಿಬಿಎಸ್ ವಿದ್ಯಾರ್ಥಿಗೆ 2019ರಿಂದ ಕೌಶಲ ಆಧಾರಿತ ಪಠ್ಯಕ್ರಮ, ಲಾಗ್‌ಬುಕ್ ಬಂದಿವೆ. ಡಾಕ್ಟರಿಗೆ ಸಲ್ಲುವುದು ಔಷಧ ಕೊಡುವವರಿಗೆ ಯಾಕೆ ಸಲ್ಲಬಾರದು?

ಸಿಬ್ಬಂದಿ ಸಾಲದು, ಇದೆಲ್ಲ ಆಗುವ ಮಾತಲ್ಲ ಎನ್ನುವವರಿದ್ದಾರೆ. ಸಿಬ್ಬಂದಿ ಕೊರತೆ ನಿಜ. ಆದರೆ ಅಂಕದ ಭಯವೂ ಆಸೆಯೂ ಇರುವ ವಿದ್ಯಾರ್ಥಿ ಕೌಂಟರಿಗೆ ಹೊರೆಯಾಗುವುದಿಲ್ಲ. ಎರಡನೇ ತಿಂಗಳ ಹೊತ್ತಿಗೆ ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಕೂರಿಸಿಕೊಂಡು ವಿವರಿಸುವ ಕೆಲಸವನ್ನು ಹಿರಿಯರ ಕಣ್ಗಾವಲಿನಲ್ಲಿ ಅವರೇ ಮಾಡಬಲ್ಲರು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ಸಲಹೆ ಕೊಡುವುದನ್ನು ಫಾರ್ಮಸಿಸ್ಟಿನ ಕರ್ತವ್ಯವೆಂದೇ ಸಾರಿದೆ. ಹೊತ್ತಿಲ್ಲದೆ ಬಾಕಿ ಉಳಿದಿರುವ ಆ ಕರ್ತವ್ಯಕ್ಕೆ ಕೈಗಳು ಸಿಕ್ಕಂತಾಗುತ್ತದೆ.

ಇದಕ್ಕಾಗಿ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ರಾಜ್ಯದಲ್ಲಿ ಡಿ.ಫಾರ್ಮ ಪರೀಕ್ಷೆ ನಡೆಸುತ್ತ ಬಂದಿರುವುದು ಔಷಧ ನಿಯಂತ್ರಣ ಇಲಾಖೆಯ ಪರೀಕ್ಷಾ ಪ್ರಾಧಿಕಾರ ಮಂಡಳಿ. ಔಷಧಿ ಅಂಗಡಿಗಳಿಗೆ ಲೈಸೆನ್ಸ್ ಕೊಟ್ಟು ತಪಾಸಣೆ ಮಾಡುವುದೂ ಅದೇ ಇಲಾಖೆ. ಯಾವ ಅಂಗಡಿಯಲ್ಲಿ ಫಾರ್ಮಸಿಸ್ಟ್ ನಿಜವಾಗಿ ಕೂರುತ್ತಾರೆ, ಎಲ್ಲಿ ಬರೀ ಗೋಡೆಯ ಮೇಲೆ ಸರ್ಟಿಫಿಕೇಟು ನೇತಾಡುತ್ತದೆ ಎಂಬುದು ಇಲಾಖೆಯ ಅಧಿಕಾರಿಗಳಿಗೆ ತಿಳಿದೇ ಇರುತ್ತದೆ. ತರಬೇತಿಗೆ ಯೋಗ್ಯವಾದ ಜಾಗಗಳ ಪಟ್ಟಿಯನ್ನು ಅವರು ಮಾಡಿಕೊಡಬಹುದು. ಫಾರ್ಮ.ಡಿಯ ಐದು ಅಂಶಗಳನ್ನು ಡಿಪ್ಲೊಮಾ ಮಟ್ಟಕ್ಕೆ ಇಳಿಸಿ, ಕನ್ನಡದಲ್ಲಿ ಒಂದೇ ಹಾಳೆಗೆ ತರುವುದು ಒಂದು ವಾರದ ಕೆಲಸ. ಹಿರಿಯ ಫಾರ್ಮಸಿಸ್ಟರಿಗೆ ಅಂಕ ಹಾಕುವ ಕ್ರಮವನ್ನು ಒಂದೆರಡು ದಿನ ಕೂರಿಸಿ ಹೇಳಿಕೊಡಲು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಫಾರ್ಮಸಿ ಕಾಲೇಜುಗಳ ಅಧ್ಯಾಪಕರು ದೂರದಲ್ಲೇನೂ ಇಲ್ಲ. ಗೌರವಧನದ ಹಣ ಕಾಲೇಜುಗಳಿಂದ ಬರಲಿ. ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುವವರು ಅವರೇ.

ಮೂರಕ್ಕಿಂತ ಕಡಿಮೆ ಅಂಕ ಬಂದವರನ್ನು ಮನೆಗೆ ಕಳಿಸಬೇಕೆಂದೇನಲ್ಲ. ಯಾವ ಅಂಶದಲ್ಲಿ ಕಡಿಮೆಯಾಯಿತೋ ಅದಕ್ಕಷ್ಟೇ ಇನ್ನೆರಡು ವಾರ, ಬೇರೊಂದು ಊರಿನ ಕೌಂಟರಿನಲ್ಲಿ, ಬೇರೊಬ್ಬರ ಕೈಕೆಳಗೆ ಅವಕಾಶ ಕೊಟ್ಟು ಮತ್ತೆ ನೋಡಬೇಕು. ಮುಂದಿನ ತಂಡ ತರಬೇತಿಗೆ ಹೊರಡುವ ಮುನ್ನ ಅಂಕದ ಹಾಳೆಯೂ ಅಂಗಡಿಗಳ ಪಟ್ಟಿಯೂ ಸಿದ್ಧವಾದರೆ, ಮೂರು ತಾಲ್ಲೂಕುಗಳಲ್ಲಿ ಒಂದು ವರ್ಷ ಪ್ರಯೋಗ ನಡೆಸಿ, ಬಿದ್ದ ಅಂಕಗಳನ್ನೂ ಕಂಡ ಕೊರತೆಗಳನ್ನೂ ಮಂಡಳಿ ಪ್ರಕಟಿಸಬಹುದು. ಉಳಿದ ತಾಲ್ಲೂಕುಗಳಿಗೆ ಹಾಳೆಯಲ್ಲಿ ಏನು ತಿದ್ದಬೇಕೆಂಬುದು ಆ ವರದಿಯಿಂದಲೇ ತಿಳಿಯುತ್ತದೆ.